ಒಂದೂವರಿ ನಿಮಿಷ, ನಾಕ ಬೆರಳ ಸೀರಿ

ಸಾಂವಕಾರ್ರ ಕಿಡಕ್ಯಾಗ ಐದು ತಲಿ.
ನಾನು, ಶ್ರೀಶೈಲ, ಮಹಾನಂದಾ,
ಮಹಾನಂದಾನ ಟೊಂಕದ ಮ್ಯಾಲ ಆಕಿ ತಮ್ಮ,
ಮತ್ತ ಯಾಸೀನ. ಕೇಬಲ್ ಅವರಪ್ಪಂದ,
ಆದ್ರೂ ಅವಗೂ ಕಿಡಕಿನ.

ಸಂಜಿ ಐದೂವರಿ. ಬನಹಟ್ಟಿ ತುಂಬ ಮಗ್ಗ
ಖಟಕ್ ಪಟಕ್, ಖಟಕ್ ಪಟಕ್.
ಆ ಸಪ್ಪಳದಾಗ ಜಪಾನದ ಹಾಡು
ಜ್ವಾಳದ ಚೀಲದಾಗ ಬಿದ್ದ ಸೂಜಿ,
ಹುಡಿಕ್ಯಾಡಿ ಹುಡಿಕ್ಯಾಡಿ ಕೇಳಬೇಕು.

ಕಥಿ ಎಲ್ಲಾ ಹಿಂದಿಯೊಳಗ ಮಾಡಿ ಕಳಸ್ತಿದ್ರು,
ಹಾಡಿಗೆ ಮಾತ್ರ ಯಾರೂ ಕೈ ಹಚ್ಚಿರಲಿಲ್ಲ.
ಗೋಟಿಯಂಥಾ ಕಣ್ಣಿನ ಹುಡುಗಿ
ಸಮುದ್ರದ ದಂಡಿಗುಂಟ ಸೈಕಲ್ ಹೊಡೀತಿದ್ಲು.
ಸಮುದ್ರ ನಾವು ಕಂಡಿರಲಿಲ್ಲ,
ಹಿಪ್ಪರಗಿ ಹಿನ್ನೀರ ಕಂಡಿದ್ವಿ,
ಅದಕ್ಕ ಇನ್ನೊಂದಿಷ್ಟ ನೀಲಿ ಹಾಕಿ ನಂಬಿದ್ವಿ.
ಆ ಹುಡುಗಿ ಹೆಸರು ಈಗ ನೆಪ್ಪಿಲ್ಲ.

ಹಾಡಿನಾಗ ಮೂರು ಮಾತು ನಮ್ಮವಿದ್ದು.
'ಸೋರಾ' ಅಂತಿದ್ಲು ಹಾಡಾಕಿ,
ಎಲ್ಲಿ ಸೋರತೈತಿ ಅಂತ ಶ್ರೀಶೈಲ ಮ್ಯಾಲ ನೋಡಾಂವ.
'ಮಾದೋ' ಅಂತಿದ್ಲು,
ಅದು ನಮ್ಮಪ್ಪ ದಿನಾ ಅನ್ನೂದ:
ಆಟ ಸಾಕು, ಕಂಡಿಕಿ ಮಾಡೋ.
ಕಡೀಕ ಉಸಿರು ಎಳದು, ಎಳದು, 'ಇತೋ...'
ಇತ್ತೋ? ಏನಿತ್ತೋ?
ಮಹಾನಂದಾ ಕೇಳಾಕಿ, ನಾವು ನಗಾವ್ರು.

ಹಾಡು ಒಂದೂವರಿ ನಿಮಿಷ.
ಅಷ್ಟರಾಗ ಅಪ್ಪನ ಮಗ್ಗ ನಾಕ ಬೆರಳ ಸೀರಿ ನೇಯತಿತ್ತು.
ಇದು ಅಪ್ಪನ ಲೆಕ್ಕ.
ನಾ ಓಡಿ ಹೋಗಿ ಬರೂದ್ರಾಗ ಗೇಣ ಸೀರಿ
ಕಂಡಿಕಿ ಇಲ್ಲದ ನಿಂತೈತಿ ಅಂತ
ಕಿವಿ ಹಿಂಡಿ ಅಳತಿ ತೋರಸ್ತಿದ್ದ.

ಒಮ್ಮಿ, ಶ್ರಾವಣ ಸುರು ಆಗೂ ಮುಂದ,
ಮೂರು ಫೇಸಿನಾಗ ಎರಡು ಹ್ವಾದು.
ಓಣಿಯ ಮಗ್ಗ ಎಲ್ಲಾ ಒಮ್ಮಿಗೇ ನಿಂತು,
ಸಾಂವಕಾರ್ರ ಟಿವಿ ಮಾತ್ರ ಉಳೀತು.
ಆವತ್ತ ಮೊದಲ ಸಲ ಪೂರ್ತಿ ಕೇಳಿದ್ವಿ.
ಹಿಂದ ಒಂದು ಪಿಟೀಲು ಇತ್ತು! ಯಾರಿಗೂ ಗೊತ್ತಿರಲಿಲ್ಲ.
ಯಾಸೀನ ಅವರಪ್ಪನ ಕವ್ವಾಲಿ ಕ್ಯಾಸೆಟ್ ಮ್ಯಾಲ
ಕೆಂಪ ಗುಂಡಿ ಒತ್ತಿ ತುಂಬಿಕೊಂಡ.
(ದಸ್ತಗೀರ ಮಾಮಾ ಬಾರಸಿದ್ದು ಆಮ್ಯಾಲ.)
ಅದರಾಗ ಮಹಾನಂದಾನ ತಮ್ಮ ಅಳತಾನ,
ಮತ್ತ ನಡುವ, ಹೊರಗ ಕಟ್ಟಿ ಮ್ಯಾಲ ಕುಂತ
ನಮ್ಮಪ್ಪನ ದನಿ:
'ಇವತ್ತಿನ ಪಗಾರ ಹೋತಲೇ.'
ಆ ಸುಮ್ಮನಿದ್ದ ಸಂಜಿ
ನಮಗ ಹಬ್ಬ ಆಗಿತ್ತು. ಹೇಳಾಕ ನಾಚಿಕಿ ಬರತೈತಿ.

ಕ್ಯಾಸೆಟ್ ಎಲ್ಲಿ ಹ್ವಾತೋ.
ಮೊನ್ನಿ ಯಾಸೀನನ ಮೊಬೈಲ್ ಅಂಗಡ್ಯಾಗ
ಗಾಜಿನ ಕೌಂಟರ ಮ್ಯಾಲ ಫೋನ್ ಇಟ್ಟು
'ಇದ ಅಲ್ಲೇನ?' ಅಂದ.
ಅದs. ಒಗದ ಮಡಿಚಿದಂಗ ಸ್ವಚ್ಛ,
ಯಾರೂ ಅಳವಲ್ಲರು, ಪಗಾರ ಹೋಗವಲ್ಲದು.
ಕೆಳಗ ಸಣ್ಣ ಅಕ್ಷರದಾಗ ಅರ್ಥ ಹರೀತಿತ್ತು.
ಸೋರಾ ಅಂದ್ರ ಆಕಾಶ ಅಂತ.
ಮಾದೋ ಅಂದ್ರ ಕಿಡಕಿ.
ಯಾಸೀನ ನನ್ನ ಮಾರಿ ನೋಡಿದ.
ಇತೋ ಅಂದ್ರ ನೂಲು.

ನೂಲು.
ತಲ್ಯಾಗ ನೂಲು, ಅಂಗಿ ಗುಂಡಿಗೆ ನೂಲು,
ರೊಟ್ಟಿ ಮುರದ್ರ ಅದರಾಗ ನೂಲಿನ ಎಳಿ ಹೊಂಡೂ ಮನಿ ನಮ್ಮದು.
ಪರದೇಶದಾಕಿ ಕಿಡಕಿಗೆ ಬಂದು
ದಿನಾ ಅದನ್ನ ಹೇಳಿ ಹೋಗತಿದ್ಲು,
ನಾವು 'ಏನಿತ್ತೋ' ಅಂತ ನಗತಿದ್ವಿ.

ಇಚಲಕರಂಜಿಗೆ ಫೋನ್ ಹಚ್ಚಿದೆ.
ಮಹಾನಂದಾ ಎತ್ತಿದ್ಲು. ಹಿಂದ ಅವರ ಮಗ್ಗ,
ಖಟಕ್ ಪಟಕ್, ಹತ್ತಿಪ್ಪತ್ತು ಇರಬೇಕು.
ಅರ್ಥ ಹೇಳಾಕ ಹೋದೆ.
'ಏನೂ ಕೇಳವಲ್ಲದೋ, ಜೋರ ಹೇಳು,' ಅಂದ್ಲು.
ಬಸ್ ಸ್ಟ್ಯಾಂಡಿನ ಎದುರಿಗೆ,
ಮೂವತ್ತೇಳು ವರ್ಷದಾಂವ, ಕೈಯಾಗ ಕಾಯಿಪಲ್ಲೆ ಚೀಲ,
ಹೇಳೂದ ಬಿಟ್ಟು ಹಾಡಿದೆ.
ಸೋರಾ... ಅಂದೆ.
ಒಬ್ಬ ಮುದುಕ ಮ್ಯಾಲ ಮಾರಿ ಎತ್ತಿ ನೋಡಿದ.