ಮೂವತ್ಮೂರೂವರೆ ಡಿಗ್ರಿ

ಹುಟ್ಟಿದಾಗ ಅಳಲಿಲ್ಲ.
ಬಂಗಡೆ ಬೆನ್ನಿನ ನೀಲಿ ಅವಳ ತುಟಿಗೆ.
ಕಾರವಾರದ ಆಸ್ಪತ್ರೆ ಗಡಿಯಾರದಲ್ಲಿ
ಏಳು ನಿಮಿಷ ಕಳೆದ ಮೇಲೆ
ಒಂದು ಉಸಿರು, ಅದೂ ಊದಿ ಕೊಟ್ಟದ್ದು.

ಮನೆಯಲ್ಲಿ ಆಯಿ ಎಲ್ಲ ತಯಾರಿಟ್ಟಿದ್ದಳು:
ಬಾಣಂತಿ ಮಂಚದ ಕೆಳಗೆ ತೆಂಗಿನ ಚಿಪ್ಪಿನ ಕೆಂಡ,
ಹಳೇ ಸೀರೆಯ ನಾಲ್ಕು ಮಡಿಕೆ, ಉಣ್ಣೆ ಟೊಪ್ಪಿಗೆ.
ಡಾಕ್ಟರು ಟೊಪ್ಪಿಗೆ ತೆಗೆದರು.
ಕಾವಿನ ದೀಪವನ್ನೂ ಆರಿಸಿದರು.
'ತಂಪಿರಲಿ. ಆರು ತಾಸಿನೊಳಗೆ ಮಣಿಪಾಲ ಮುಟ್ಟಬೇಕು.'

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ನನಗೆ ಹದಿನಾರು ವರ್ಷ.
ಐಸು ಯಾತಕ್ಕೆಂದು ಯಾರೂ ಹೇಳಿಕೊಡಬೇಕಿಲ್ಲ.
ಅದು ಸತ್ತದ್ದಕ್ಕೆ.
ಆಂಬುಲೆನ್ಸಿನಲ್ಲಿ ಆ ಮಾತು ನುಂಗಿಕೊಂಡೆ.
ಅಂಕೋಲೆ ಹೋಯಿತು, ಕುಮಟೆ ಹೋಯಿತು,
ಶರಾವತಿ ಸೇತುವೆ ಮೇಲೆ ನರ್ಸ್ ಮೋಹಿನಿ ಗುನಗ
ಹುಣಸೆಬೀಜದಷ್ಟು ಹಿಮ್ಮಡಿ ಚುಚ್ಚಿ
ರಕ್ತದ ಸಕ್ಕರೆ ನೋಡಿದಳು,
ಡ್ರಿಪ್ಪಿನ ಗಾಲಿ ಒಂದು ಕೂದಲಷ್ಟು ತಿರುಗಿಸಿದಳು.

ಅವಳೇ ಹೇಳಿದ್ದು, ನನ್ನ ಮುಖ ನೋಡದೆ.
ಉಸಿರಿಲ್ಲ, ಸಕ್ಕರೆಯಿಲ್ಲ ಅಂದಾಗ
ಮಿದುಳಿನ ಕೋಶಗಳೆಲ್ಲ ಒಮ್ಮೆಗೇ ಸಾಯುವುದಿಲ್ಲವಂತೆ.
ಉಸಿರು ತಿರುಗಿ ಬಂದು, ತಾಸುಗಳು ಕಳೆದು,
ಇನ್ನೇನು ಸರಿಹೋಯಿತು ಅನ್ನುವಾಗ
ಒಳಗೊಳಗೇ ಶುರುವಂತೆ ಎರಡನೇ ಸಾವು.
ಆಗ ಕೊಡುವುದು ಹೆಚ್ಚಿಸಿದರೆ ಸಾಲದು,
ಕೇಳುವುದನ್ನು ಕಡಿಮೆ ಮಾಡಬೇಕು.

ಇದು ಮಾತ್ರ ತಿಳಿಯಿತು.
ಜೂನಿನಲ್ಲಿ ಬೋಟು ಬಂದಾದರೆ
ನಮ್ಮ ಅಡುಗೆಮನೆ ಬದುಕುವುದು ಹಾಗೇ:
ಗಂಜಿ, ಒಣ ಸೀಗಡಿ, ಸಣ್ಣ ಉರಿ,
ಮಕ್ಕಳೂ ಎರಡನೇ ಸಲ ತಟ್ಟೆ ಮುಂದೆ ಮಾಡುವುದಿಲ್ಲ.
ಎಂಜಿನ್ ಆರಿಸಿ ದಕ್ಕೆಗೆ ಕಟ್ಟಿದ ಬೋಟು
ಮುಳುಗಿಲ್ಲವಲ್ಲ.

ಮೂರು ಹಗಲು, ಮೂರು ರಾತ್ರಿ, ಮೂವತ್ಮೂರೂವರೆ.
ಒಳಗೆ ತಣ್ಣೀರು ಹರಿಯುವ ಹಾಸಿಗೆ, ಗಾಜಿನಾಚೆ ನಾನು.
ಊರಲ್ಲಿ ಶೇವಂತಿ ಕೆಂಡದ ಮಂಚದ ಮೇಲೆ ಬೆವರುತ್ತ
ಫೋನಿನಲ್ಲಿ ಒಂದೇ ಕೇಳುತ್ತಿದ್ದಳು: 'ನಡುಗ್ತಾಳಾ?'
'ಇಲ್ಲ' ಅಂದೆ.
ಸ್ವಲ್ಪ ನಡುಗುತ್ತಿದ್ದಳು.

ಆಮೇಲೆ ಗಂಟೆಗೆ ಅರ್ಧ ಡಿಗ್ರಿಯಂತೆ ಕಾವು ವಾಪಸ್.
ಏನು ಉಳಿದಿದೆ, ಏನು ಹೋಗಿದೆ
ಈಗಲೇ ಹೇಳಲಾಗದು,
ನಡೆದು, ಮಾತಾಡಿ ಅವಳೇ ತೋರಿಸಲಿ ಅಂದರು.

ನಡೆದಿದ್ದಾಳೆ, ತಡವಾಗಿ. ಎಡಗೈ ಇನ್ನೂ ಮುಷ್ಟಿ.
ಮಾತು ಬಂದಿಲ್ಲ.
ಇವತ್ತು ಫ್ಯಾಕ್ಟರಿ ಬಾಗಿಲಲ್ಲಿ
ಬಲಗೈಗೆ ಒಂದು ಚೂರು ಐಸು ಕೊಟ್ಟೆ.
ಬೆಚ್ಚಿದಳು, ಎಸೆದಳು, ಒದ್ದೆ ಅಂಗೈ ನೋಡಿಕೊಂಡಳು.
ಮತ್ತೆ ಚಾಚಿದಳು.

ಕೇಳಲಿ.
ಎಷ್ಟು ಬೇಕಾದರೂ ಕೇಳಲಿ.