ರೆಪ್ಪೆ ಓದುವ ಕೆಲಸ

ಡೇವಿಸ್ ಊರಿನ ಪಶ್ಚಿಮಕ್ಕೆ, ಟೊಮೆಟೊ ಹೊಲಗಳಾಚೆ
ಜನವರಿಯ ಮಂಜು ನೆಲ ಬಿಟ್ಟು ಏಳುವುದೇ ಇಲ್ಲ.
ಹತ್ತು ಗಂಟೆಯಾದರೂ ಬೇಲಿ ಕಾಣದು,
ಬೇಲಿಯೊಳಗಿಂದ ಒಂದು ಕೆಮ್ಮು ಮಾತ್ರ.
ಕೆಮ್ಮು ಕೇಳಿದರೆ ಬರೆದುಕೊಳ್ಳಬೇಕು:
ಎಷ್ಟು ಸಲ, ಒಣದೋ ಹಸಿಯೋ, ಯಾರದು.

ಸೋಮವಾರ ಚುಚ್ಚಿದ್ದೇವೆ, ಒಬ್ಬೊಬ್ಬರ ಬಲರೆಪ್ಪೆಗೆ
ಮಿಲಿಲೀಟರಿನ ಹತ್ತರಲ್ಲೊಂದು ಪಾಲು.
ಕ್ಷಯ ಇದೆಯೋ ಇಲ್ಲವೋ ಇನ್ನು ರೆಪ್ಪೆಯೇ ಹೇಳಬೇಕು,
ಇಪ್ಪತ್ನಾಲ್ಕಕ್ಕೆ, ನಲವತ್ತೆಂಟಕ್ಕೆ, ಎಪ್ಪತ್ತೆರಡನೆಯ ಗಂಟೆಗೆ.
ಸೊನ್ನೆ ಅಂದರೆ ಏನಿಲ್ಲ. ಒಂದು, ಸೂಜಿಯ ಕಂದು.
ನಾಲ್ಕು ಅಂದರೆ ಜೋತುಬಿದ್ದ ರೆಪ್ಪೆ.
ಐದರ ಬಗ್ಗೆ ಒಫೀಲಿಯಾ ಬರಾಗಾನ್ ಮಾತಾಡುವುದಿಲ್ಲ,
ಹದಿನೇಳು ವರ್ಷದಿಂದ ಇಲ್ಲಿದ್ದಾಳೆ.

ಕಣ್ಣಿಗೆ ರೆಪ್ಪೆಯಂತೆ ಕಾಯಬೇಕು ಎನ್ನುತ್ತಿದ್ದರು ನಮ್ಮಲ್ಲಿ.
ನನ್ನದು ರೆಪ್ಪೆಯನ್ನೇ ಕಾಯುವ ಕೆಲಸ,
ಗಂಟೆಗೆ ಇಪ್ಪತ್ತೊಂದು ಡಾಲರು.

ತೊಡಕು ಇಷ್ಟೇ: ಕೋತಿಯ ಕಣ್ಣನ್ನು ನೇರ ನೋಡಬಾರದು.
ನೋಡಿದರೆ ಜಗಳಕ್ಕೆ ಕರೆದ ಹಾಗೆ.
ಹುಬ್ಬು ಹಿಂದೆಳೆದು ಬಿಳಿಚಿದ ರೆಪ್ಪೆಯನ್ನು
ಕತ್ತಿಯಂತೆ ಝಳಪಿಸುತ್ತವೆ;
ನಾನು ಓದಬೇಕಾದದ್ದೂ ಅದನ್ನೇ.
ಆದ್ದರಿಂದ ಬೇರೆಲ್ಲೋ ನೋಡುತ್ತೇನೆ, ಬಕೆಟ್ಟನ್ನು, ಬೂಟನ್ನು,
ತುಟಿಯನ್ನು ಪಟಪಟ ಬಡಿಯುತ್ತೇನೆ, ಅವುಗಳ ನಮಸ್ಕಾರ ಅದು,
ಆಮೇಲೆ ಓರೆಗಣ್ಣಲ್ಲಿ ಕದಿಯುತ್ತೇನೆ ಒಂದು ಅಂಕಿ.

ನನ್ನ ಭಾಷೆಯಲ್ಲಿ ದವಡೆ ಊದಿದರೆ ಮಂಗನಬಾವು,
ಕಾಡಂಚಿನಲ್ಲಿ ಜ್ವರ ಬಂದರೆ ಮಂಗನ ಕಾಯಿಲೆ.
ಇಲ್ಲಿ ಮಂಗಗಳಿಗೆ ಬರುವುದು ಮನುಷ್ಯನ ಕಾಯಿಲೆ,
ನಮ್ಮ ಉಸಿರಿಂದ. ಹಾಗಾಗಿ ಮುಸುಕು ನಮಗೆ.
ಒಫೀಲಿಯಾಗೆ ಇದನ್ನು ಹೇಳಿದೆ.
ಅವು ಇದಕ್ಕೆ ಏನು ಹೆಸರಿಟ್ಟಿವೆಯೋ ಅಂದಳು,
ಕೊಳವೆ ತಿರುಗಿಸಿ ನೆಲ ತೊಳೆಯುತ್ತಾ.

ಎದೆಯ ಮೇಲೆ ಮಾಸಿದ ಹಚ್ಚೆ: ೩೧೮೦೪.
ಇಪ್ಪತ್ತೆರಡು ವರ್ಷದ ಮುದುಕಿ, ಒಂಬತ್ತು ಹೆತ್ತವಳು,
ಸಕ್ಕರೆ ಕಾಯಿಲೆ, ಸವೆದ ಮಂಡಿ.
ಅವಳ ಮೇಲೆ ಮೂರು ಪ್ರಬಂಧ ಬಂದಿವೆ; ಒಂದರಲ್ಲೂ ಇಲ್ಲ,
ಸೌತೆಯ ಹೋಳು ಕೊಟ್ಟರೆ ಬೀಜ ಒಂದೊಂದೇ ಹೆಕ್ಕಿ
ಅಂಗೈಯಲ್ಲಿ ಹರವಿ, ಸಾಲದ ಲೆಕ್ಕ ಹಾಕುವವಳಂತೆ
ನೋಡುತ್ತಾ ಕೂರುತ್ತಾಳೆ ಅಂತ.

ಮಂಗಳವಾರ ಸೊನ್ನೆ. ಬುಧವಾರ ಎರಡು.
ಗುರುವಾರ ಬೆಳಗ್ಗೆ ರೆಪ್ಪೆ ಜೋತುಬಿದ್ದಿತ್ತು.
ಇನ್ನೊಂದು ಕಣ್ಣಿಂದ ನೋಡಿದಳು,
ನಾನೂ ಮೈಮರೆತು ನೇರ ನೋಡಿದೆ.
ಝಳಪಿಸಲಿಕ್ಕೆ ರೆಪ್ಪೆ ಮೇಲೇಳಲಿಲ್ಲ.
ನಾಲ್ಕು ಎಂದು ಬರೆದೆ. ಚಳಿಗೆ ಪೆನ್ನು ಕಟ್ಟಿತ್ತು,
ಎರಡು ಸಲ ತಿದ್ದಬೇಕಾಯಿತು.

ಮಧ್ಯಾಹ್ನ ಅವಳನ್ನು ಇನ್ನೊಂದು ಕಟ್ಟಡಕ್ಕೆ ಒಯ್ದರು.
ಆ ಕಟ್ಟಡದಿಂದ ನನಗೆ ಬರುವುದು ಕಾಗದ.
ಅವಳ ಕಿರಿಮಗಳು ಖಾಲಿ ಹಲಗೆಯ ಪಕ್ಕ ಕೂತು
ಸಂಜೆಯ ತನಕ ತನ್ನ ತೋಳಿನ ಕೂದಲನ್ನೇ ಬಿಡಿಸುತ್ತಿದ್ದಳು.
ನನ್ನ ಹಾಳೆಯಲ್ಲಿ ಅದಕ್ಕೊಂದು ಸಂಕೇತವಿದೆ.
ಹಾಕಿದೆ. ಹನ್ನೊಂದು ನಿಮಿಷ, ಎಂದೂ.

ಮರುವಾರ ನನ್ನ ಸರದಿ.
ಕೆಲಸದವರಿಗೂ ಆರು ತಿಂಗಳಿಗೊಮ್ಮೆ ಮುಂಗೈಗೆ ಸೂಜಿ.
ಸೇರುವಾಗ ಸೊನ್ನೆ ಇತ್ತು. ಈ ಸಲ ಊದಿತು.
ಎಡತೋಳಿನ ಮೇಲೆ ಕೂಸಾಗಿದ್ದಾಗಿನ ಬಿಸಿಜಿ ಕಲೆ,
ಕೋಲಾರದ ಗಣಿ ಆಸ್ಪತ್ರೆಯದು.
ಅದೇ ಆಸ್ಪತ್ರೆಯ ಬೆಂಚಿನ ಮೇಲೆ ಅಪ್ಪನ ಕೆಮ್ಮು,
ಧೂಳು ಅಷ್ಟೇ, ಧೂಳು, ಅನ್ನುತ್ತಿದ್ದ.

ನರ್ಸ್ ಡಾರ್ಲೀನ್ ಬಾಲ್‌ಪೆನ್ನಿಂದ
ಊತದ ಅಂಚಿಗೆ ಗೆರೆ ಎಳೆದು ಸ್ಕೇಲು ಹಿಡಿದಳು.
ಹದಿನಾಲ್ಕು. ಹಳೆಯ ಲಸಿಕೆಯದಿರಬಹುದು,
ಬೇರೇನೋ ಇರಬಹುದು, ಎದೆಯ ಎಕ್ಸ್‌ರೇ ಆಗಲಿ ಅಂದಳು.
ಆ ಮುದುಕಿಯಿಂದ ನನಗೋ, ನನ್ನಿಂದ ಅವಳಿಗೋ,
ಕೇಳಬೇಕೆಂದು ಬಾಯಿ ತೆರೆದೆ.
ಡಾರ್ಲೀನ್ ತಲೆಯೆತ್ತಿ ನನ್ನ ಕಣ್ಣನ್ನೇ ನೇರ ನೋಡಿದಳು.

ಮುಸುಕಿನ ಒಳಗೆ
ನನ್ನ ತುಟಿ, ತಾನಾಗಿಯೇ,
ಪಟಪಟ ಬಡಿಯತೊಡಗಿತು.