ಬಿದ್ದವಳ ಸಾಕ್ಷಿ

ಚಿಗುಸಾ ನಾರಿತಾ ಗೆದ್ದ ಪದಕಗಳ ಲೆಕ್ಕ
ಹಾಚಿನೊಹೆಯ ಪುರಭವನದ ಗಾಜಿನ ಪೆಟ್ಟಿಗೆಯಲ್ಲಿದೆ.
ಅವಳು ನನ್ನನ್ನು ಎಸೆದ ಲೆಕ್ಕ
ಯಾರೂ ಇಟ್ಟಿಲ್ಲ. ನಾನೂ ಇಟ್ಟಿಲ್ಲ.
ದಿನಕ್ಕೆ ಇನ್ನೂರು ಅಂತ ಹಿಡಿದರೂ,
ಭಾನುವಾರ ಬಿಟ್ಟು, ಹನ್ನೊಂದು ವರ್ಷ...
ಬೇಡ ಬಿಡಿ, ಬೆನ್ನಿಗೆ ಗಣಿತ ಬರುವುದಿಲ್ಲ.

ಜೋಡಿ ಅನ್ನುತ್ತಿದ್ದರು ನಮ್ಮನ್ನು.
ಹೌದು, ಒನಕೆಗೂ ಒರಳಿಗೂ ಇರುವಂಥ ಜೋಡಿ.

ಬೊಂಡಾಸ್ ದೋಣಿಗಳ ದೀಪ ಆರುವ ಹೊತ್ತು,
ಸೀಮೆಎಣ್ಣೆ ಒಲೆ ಇನ್ನೂ ಕೆಮ್ಮುತ್ತಿರುವಾಗ
ಹುಲ್ಲುಚಾಪೆ ಹಿಮಕ್ಕಿಂತ ತಣ್ಣಗೆ.
ಅವಳ ಬೆರಳುಗಳಿಗೆ ನಾನೇ ಪಟ್ಟಿ ಸುತ್ತುತ್ತಿದ್ದೆ,
ಒಂಬತ್ತಕ್ಕೆ.
ಎಡಗೈ ಕಿರುಬೆರಳಿಗೆ ಬೇಡ ಅನ್ನುತ್ತಿದ್ದಳು.
ಯಾಕೆ ಅಂತ ಅವಳಿಗೂ ಗೊತ್ತಿರಲಿಲ್ಲ.

ತಾಷ್ಕೆಂಟಿನಲ್ಲಿ, ತೂಕ ಹಾಕುವ ಹಿಂದಿನ ರಾತ್ರಿ,
ಮುನ್ನೂರು ಗ್ರಾಂ ಹೆಚ್ಚಿತ್ತು.
ಬಚ್ಚಲಲ್ಲಿ ಬಿಸಿನೀರು ಬಿಟ್ಟು, ಎರಡು ಕೋಟು ತೊಟ್ಟು ಕೂತಳು,
ಬಾಯಿ ಬತ್ತುವ ತನಕ ಲೋಟಕ್ಕೆ ಉಗುಳಿದಳು.
ನಾನು ಬಾಗಿಲಾಚೆ, ಸದ್ದಾಗದ ಹಾಗೆ
ಒಂದು ಕಿತ್ತಳೆ ಸುಲಿದು ತಿಂದೆ.
ಇವತ್ತಿಗೂ ಹೇಳಿಲ್ಲ. ವಾಸನೆ ಹೋಗಿರಬೇಕು.

ಫೈನಲ್ಲು ಮೂವತ್ತೆಂಟು ಸೆಕೆಂಡು.
ಟೀವಿಯಲ್ಲಿ ಕಂಡದ್ದು ಇಷ್ಟೇ:
ಬಿಳಿ ಬಟ್ಟೆಯೊಂದು ನೀಲಿ ಬಟ್ಟೆಯ ಕೆಳಗೆ ಹೊಕ್ಕಿತು,
ನೀಲಿ ಮಗುಚಿತು.
ಇಪ್ಪೊನ್! ಎಂದು ಊರಿಗೆ ಊರೇ ಕೂಗಿತಂತೆ.
ಅವಳಪ್ಪ ಮಾತ್ರ ರೇಡಿಯೊ ಆರಿಸಿ
ಕಡಲಲ್ಲಿ ಗಾಳ ಬಿಟ್ಟು ಕೂತಿದ್ದ.

ಮೊಣಕಾಲು ಹೋದದ್ದು ಪಂದ್ಯದಲ್ಲಲ್ಲ.
ಒಂದು ಮಂಗಳವಾರ, ನನ್ನನ್ನು ಎತ್ತುವಾಗ.
ಹಸಿ ಬಿದಿರು ಸೀಳಿದ ಸದ್ದು.
ಅದೊಂದು ಸಲ ಇಬ್ಬರೂ ಬಿದ್ದೆವು;
ನಾನು ಎದ್ದೆ.

ಆಮೇಲೆ ಅವಳು ಹೆಣ್ಣುಮಕ್ಕಳ ಹೈಸ್ಕೂಲಿಗೆ ಕೋಚ್.
ಮೊದಲ ವರ್ಷ ಒಬ್ಬಳೂ ಗೆಲ್ಲಲಿಲ್ಲ. ಎರಡನೆಯ ವರ್ಷವೂ.
"ಹೀಗೆ" ಅನ್ನುವಳು, ಎಸೆಯುವಳು.
"ನೋಡಿದೆಯಾ? ಹೀಗೆ." ಮತ್ತೆ ಎಸೆಯುವಳು.
ಹುಡುಗಿಯರು ತಲೆಯಾಡಿಸುವರು; ಕಂಡದ್ದು ಸೂರು ಮಾತ್ರ.
ಮೈ ಬಲ್ಲದ್ದು ಬಾಯಿಗೆ ಬರಲಿಲ್ಲ,
ಕನಸಲ್ಲಿ ಈಜಿದವಳನ್ನು
ಹೊಳೆ ಎಷ್ಟು ಆಳ ಅಂತ ಕೇಳಿದ ಹಾಗೆ.

ನವೆಂಬರಿನಲ್ಲಿ ಫೋನು ಬಂತು.
ನಾನಾಗ ಕಾರ್ಖಾನೆಯಲ್ಲಿ ಡಬ್ಬಿಗೆ ಬಂಗುಡೆ ತುಂಬುತ್ತಿದ್ದೆ.
"ಕಾಯೊಕೊ, ನಾನು ಏನು ಮಾಡ್ತಿದ್ದೆ?"
ಇಷ್ಟು ವರ್ಷ ಹೇಗಿದ್ದೆ ಅಂತಿಲ್ಲ, ಏನಿಲ್ಲ.
"ಯಾವಾಗ?"
"ಎಸೆಯೋ ಮುಂಚೆ."

ಶನಿವಾರ ಹೋದೆ. ಹಳೆಯ ಪಟ್ಟಿ ನಡುವಿಗೆ ಸಾಲಲಿಲ್ಲ.
ಮಕ್ಕಳೆದುರು ನಿಂತು ಹೇಳಿದೆ:
ಮೊದಲು ಉಸಿರು ನಿಲ್ಲಿಸುತ್ತಾಳೆ. ಅದನ್ನು ನಂಬಬೇಡಿ, ಅದು ಸುಳ್ಳು.
ಆಮೇಲೆ ಎಡಗೈ ಕಿರುಬೆರಳು ನಿಮ್ಮ ತೋಳಿನ ಬಟ್ಟೆ ಮಡಚುತ್ತದೆ,
ನಿದ್ದೆಯಲ್ಲಿ ಮಗು ಹೊದಿಕೆ ಹಿಡಿದಷ್ಟೇ ಮೆತ್ತಗೆ.
ನಿಮಗೇ ಅನಿಸುತ್ತದೆ, ಒಂದು ಹೆಜ್ಜೆ ಮುಂದಿಡೋಣ ಅಂತ.
ಅವಳು ಎಳೆಯುವುದಿಲ್ಲ. ನೀವೇ ಹೋಗುತ್ತೀರಿ.
ಹೋಗಿ ನೋಡಿದರೆ ಅವಳಿಲ್ಲ;
ನೆಲವೂ ಇಲ್ಲ.

ಚಿಗುಸಾ ಮೂಲೆಯಲ್ಲಿ ಕೂತು
ಹುಡುಗಿಯರಂತೆಯೇ ಬರೆದುಕೊಂಡಳು.
ಕಿರುಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು
ಬೇರೆ ಯಾರದೋ ಎಂಬಂತೆ.

ಏಳು ಸಲ ಬಿದ್ದರೆ ಎಂಟು ಸಲ ಏಳು
ಎಂಬ ಬರಹ ಗೋಡೆಯಲ್ಲಿತ್ತು. ಇಳಿಸಿಟ್ಟಳು.
ಎಂಟನೆಯದು ಎಲ್ಲಿಂದ ಬಂತು, ಲೆಕ್ಕ ತಪ್ಪು, ಅಂದಳು.
ಈಗ ಆರು ತಿಂಗಳು ಬೀಳುವುದೇ ಪಾಠ.
ತಕ್ಷಣ ಏಳಬೇಡಿ ಅನ್ನುತ್ತಾಳೆ,
ಎಲ್ಲಿಂದ ಬಿದ್ದೆವು ಅಂತ ಬಿದ್ದಲ್ಲಿಂದಲೇ ನೋಡಿ.

ಹೋದ ತಿಂಗಳು ಸೆಂಡೈಯಲ್ಲಿ
ಅವಳ ಶಿಷ್ಯೆ ಹಿನಾಮಿಯ ಪಂದ್ಯ.
ಆಟ ನಡೆಯುವಾಗ ಕೋಚ್ ತುಟಿ ಬಿಚ್ಚುವಂತಿಲ್ಲ.
ಹಾಳಾದ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದಳು.
ಅವಳ ಕಿರುಬೆರಳು ಪ್ಯಾಂಟಿನ ಬಟ್ಟೆಯನ್ನು
ಮೆಲ್ಲಗೆ ಮಡಚಿತು.

ಗ್ಯಾಲರಿಯ ಕೊನೆಯ ಸಾಲಲ್ಲಿ
ನಾನು
ಒಂದು ಹೆಜ್ಜೆ ಮುಂದಿಟ್ಟೆ.